ಹೆಬ್ಬಾತಿಗೆ ಅಡ್ವಾನ್ಸ್ ಕೊಟ್ಟವರು ಯಾರು?

ಹುಬ್ಬಳ್ಳಿಯಲ್ಲಿ ಮನೆ ಇರುವವರಿಗೆ ರಜೆ ದಿನ ಬಂತು ಅಂದರೆ ಸ್ವಲ್ಪ ಭಯ. ಬೆಂಗಳೂರಿನ ನೆಂಟರು ಬರುತ್ತಾರೆ. ಧಾರವಾಡ ಪೇಢಾ, ಗಿರ್ಮಿಟ್, ಉಣಕಲ್ ಕೆರೆ, ನೃಪತುಂಗ ಬೆಟ್ಟ ಎಲ್ಲ ಬೇಗ ಮುಗಿದುಹೋಗುತ್ತವೆ. ಆಮೇಲೆ ಒಂದು ಬೆಳಿಗ್ಗೆ ಚಹಾ ಕುಡಿಯುತ್ತಾ ಕಾಕಾ ಕೇಳುತ್ತಾರೆ: "ಪ್ರಾಣಿ, ಪಕ್ಷಿ ಏನರ ತೋರಸಪಾ."

ಕಷ್ಟ ಶುರುವಾಗುವುದೇ ಇಲ್ಲಿ. ನಮ್ಮ ಕಡೆ ರೊಟ್ಟಿ ಬಿರುಸಾದರೆ ಮಾಡಿದವರ ತಪ್ಪು. ಕಾಡುಪ್ರಾಣಿಗೂ ಅದೇ ನ್ಯಾಯ. ಕಾಣದಿದ್ದರೆ ಕರೆದುಕೊಂಡು ಹೋದವನ ತಪ್ಪು. ಕಂಡರೂ ಬಿಡುವುದಿಲ್ಲ, ಅದು ಬೇರೆ ಮಾತು.

ದೀಪಾವಳಿಗೆ ಬಂದಾಗ ಕಾಕಾನನ್ನು ಬಂಕಾಪುರಕ್ಕೆ ಕರೆದೊಯ್ದೆ. ಅಲ್ಲಿ ಕೋಟೆಯೊಳಗೇ ನವಿಲುಧಾಮ ಇದೆ. ನವಿಲು ಬೇಕಾದಷ್ಟು ಕಂಡವು. ಆದರೆ ಮಳೆಗಾಲ ಮುಗಿಯುವ ಹೊತ್ತಿಗೆ ಗಂಡು ನವಿಲು ಉದ್ದ ಗರಿಗಳನ್ನು ಉದುರಿಸಿಬಿಡುತ್ತದೆ. ಮತ್ತೆ ಬೆಳೆಯಲು ತಿಂಗಳುಗಳೇ ಬೇಕು. ಕಾಕಾ ಒಂದು ನವಿಲನ್ನು ಹಿಂದೆ ಮುಂದೆ ನೋಡಿ, "ಇದಕ್ಕ ಪುಕ್ಕಾನ ಇಲ್ಲಲ್ಲೋ! ಅರ್ಧಾ ನವಿಲು ತೋರಸಾಕ ಇಷ್ಟ ದೂರ ಕರಕೊಂಡ ಬಂದೇನು?" ಎಂದರು. ಉಳಿದರ್ಧ ನನ್ನ ಮನೆಯ ಕಪಾಟಿನಲ್ಲಿದೆ ಎಂಬ ಅನುಮಾನ ಅವರ ಕಣ್ಣಲ್ಲಿತ್ತು.

ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದಲ್ಲಿ ಮಾತ್ರ ನಾನು ಪಾರಾದೆ. ಕಾಕು ದೂರದ ಕುರಿ ಹಿಂಡಿನ ಫೋಟೋ ತೆಗೆದು, 'ಕೃಷ್ಣಮೃಗ' ಅಂತ ಬರೆದು ಫ್ಯಾಮಿಲಿ ಗ್ರೂಪಿಗೆ ಹಾಕಿದರು. ಎಲ್ಲರೂ ಸೂಪರ್ ಅಂದರು. ನಾನು ಸುಮ್ನಿದ್ದೆ. ನೆಂಟರು ಖುಷಿಯಾಗಿದ್ದಾಗ ಕುರಿ ಎಣಿಸಬಾರದು.

ಡಿಸೆಂಬರಿನಲ್ಲಿ ಮತ್ತೆ ಬಂದರು. ಈ ಸಲ ಮಾಗಡಿ ಕೆರೆ ಅಂದೆ. "ಅಲ್ಲೋ, ಮಾಗಡಿ ನಮ್ಮ ಬೆಂಗಳೂರ ಬಾಜೂಕ ಐತಿ. ಗದಗ ದಾರಿ ಯಾಕ ಹಿಡದಿ?" ಇದು ಶಿರಹಟ್ಟಿ ತಾಲ್ಲೂಕಿನ ಮಾಗಡಿ ಅಂತ ಅಣ್ಣಿಗೇರಿ ದಾಟುವ ತನಕ ನಂಬಲಿಲ್ಲ. 2024ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಕೆರೆ, ಜೌಗು ಪ್ರದೇಶಗಳ ಪಟ್ಟಿಗೆ ಸೇರಿದೆ ಅಂದೆ. "ಪಟ್ಟಿ ಇರ್ಲಿ, ಹಕ್ಕಿ ಅದಾವಿಲ್ಲೋ?" ಎಂದು ಕೇಳಿ ನಿದ್ದೆ ಹೋದರು. ಗದಗ ಬಂದದ್ದೂ ಗೊತ್ತಾಗಲಿಲ್ಲ, ಹೋದದ್ದೂ ಗೊತ್ತಾಗಲಿಲ್ಲ.

ಹಕ್ಕಿ ಇದ್ದವು. ಕೆರೆ ತುಂಬಾ ಪಟ್ಟೆತಲೆ ಹೆಬ್ಬಾತು. ಬಿಳಿ ತಲೆಯ ಹಿಂದೆ ಎರಡು ಕಪ್ಪು ಪಟ್ಟೆ, ಗುರುತು ಹಿಡಿಯೋದು ಸುಲಭ. ನನಗೆ ಜೀವ ಬಂತು. ಆದರೆ ಬಹಳಷ್ಟು ಹಕ್ಕಿಗಳು ಕೊಕ್ಕನ್ನು ಬೆನ್ನಿನ ಗರಿಯಲ್ಲಿ ಹುದುಗಿಸಿ ಮಲಗಿದ್ದವು.

"ಎಬ್ಬಸು" ಎಂದರು ಕಾಕಾ.

ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬಂದ ಹಕ್ಕಿಗಳು ಇವು, 7,000 ಮೀಟರಿಗೂ ಎತ್ತರದಲ್ಲಿ ಹಾರಬಲ್ಲವು, ಅಲ್ಲಿನ ತೆಳು ಗಾಳಿಯಲ್ಲೂ ಆಮ್ಲಜನಕ ಹಿಡಿದುಕೊಳ್ಳುವ ರಕ್ತ ಇವಕ್ಕಿದೆ ಅಂತ ಓದಿಕೊಂಡಿದ್ದೆಲ್ಲ ಒಪ್ಪಿಸಿದೆ. ಕಾಕಾ ಕರಗಲಿಲ್ಲ. "ನಾನೂ ಬೆಂಗಳೂರಿಂದ ರಾತ್ರಿ ಬಸ್ಸಿನ್ಯಾಗ ಬಂದೇನಿ. ಮಲಗೇನೇನು?"

ಮಂಗೋಲಿಯಾದಿಂದ ಬಂದವಕ್ಕೆ ನಾನೇನು ಅಡ್ವಾನ್ಸ್ ಕೊಟ್ಟಿದ್ದೀನಾ? ಕೇಳಬೇಕು ಅನ್ನಿಸಿತು, ಕೇಳಲಿಲ್ಲ. ಅಷ್ಟರಲ್ಲಿ ಕಾಕಾ ಜೋರಾಗಿ ಚಪ್ಪಾಳೆ ತಟ್ಟಿದರು. ಒಂದು ಹೆಬ್ಬಾತೂ ತಲೆ ಎತ್ತಲಿಲ್ಲ. ಎಲ್ಲಿಂದಲೋ ಒಂದು ನಾಯಿ ಮಾತ್ರ ತನ್ನನ್ನೇ ಕರೆದರು ಅಂದುಕೊಂಡು ಓಡಿ ಬಂತು. ನೇರವಾಗಿ ಕಾಕುವಿನ ಬುತ್ತಿಗೆ ಬಾಯಿ ಹಾಕಿತು. ಶೇಂಗಾ ಹೋಳಿಗೆ ಹೋಯಿತು. ರೊಟ್ಟಿಯನ್ನು ಮೂಸಿ ನೋಡಿ ಬಿಟ್ಟಿತು. ಕಾಕುವಿಗೆ ಹೋಳಿಗೆ ಹೋದದ್ದಕ್ಕಿಂತ ಈ ಅವಮಾನವೇ ಜಾಸ್ತಿ ಆಯಿತು.

ಏರಿಯ ಮೇಲೆ ಎತ್ತು ಹೊಡೆದುಕೊಂಡು ಹೊರಟಿದ್ದ ರೈತರೊಬ್ಬರು ನಿಂತು ನೋಡಿದರು. "ಈಗ ಏನ್ ನೋಡ್ತೀರಿ ಸಾಹೇಬ್ರ? ಮೇಯಾಕ ನಮ್ಮ ಹೊಲಕ್ಕ ಇಳಿತಾವ, ಆವಾಗ ಬರ್ರಿ. ಶೇಂಗಾ, ಕಡ್ಲಿ ಎಲ್ಲಾ ಮೇಯ್ತಾವ. ಅಲ್ಲಿ ಭಾಳ ಎಚ್ಚರ ಇರ್ತಾವ." ಅವರ ನಗುವಿನಲ್ಲಿ ಬೆಳೆಯ ಲೆಕ್ಕವೂ ಇತ್ತು. ಕಾಕಾಗೆ ಕೇಳಿಸಿದ್ದು ಬೇರೆ. "ನೋಡು, ಇವರಿಗೆ ಹಕ್ಕಿ ಟೈಮ್ ಗೊತ್ತೈತಿ. ನಿನಗ ಗೊತ್ತಿಲ್ಲ."

ಸಂಜೆಯ ತನಕ ಕಾದೆವು. ಬಿಸಿಲು ಇಳಿದ ಮೇಲೆ ಹೆಬ್ಬಾತುಗಳು ಕೂಗುತ್ತಾ ಗುಂಪು ಗುಂಪಾಗಿ ಎದ್ದವು. ನಮ್ಮ ತಲೆಯ ಮೇಲೇ ಹಾರಿದವು. ನಾನು ತಿರುಗಿ ಕಾಕಾನನ್ನು ಹುಡುಕಿದೆ. ಅವರು ಕೆರೆಗೆ ಬೆನ್ನು ಹಾಕಿ, ಒಂದು ಕಿವಿ ಮುಚ್ಚಿಕೊಂಡು ಫೋನಿನಲ್ಲಿ ಕೂಗುತ್ತಿದ್ದರು: "ಏನೂ ಕೇಳಸವಲ್ದು, ಇಲ್ಲಿ ಭಾಳ ಗದ್ಲ ಐತಿ! ಮುಂದಿನ ಸಲ ಎಲ್ಲಾರೂ ಬರ್ರಿ. ನಮ್ಮ ಹುಡುಗ ಎಲ್ಲಾ ವ್ಯವಸ್ಥಾ ಮಾಡ್ತಾನ. ಹಕ್ಕಿ ಎಬ್ಬಸೂದೂ ಅವಂದ!"