ಶಾಸನಕ್ಕೆ ಸೀಮೆಸುಣ್ಣ ಬೇಡ, ಓರೆ ಬೆಳಕು ಸಾಕು

ಊರ ಹೊರಗೆ ಒಂದು ಅಕ್ಷರದ ಕಲ್ಲು ಕಂಡರೆ ನಮ್ಮ ಕಡೆ ಹುಡುಗರು ಮೊದಲು ಏನು ಮಾಡ್ತಾರೆ ಹೇಳಿ? ನೀರು ಸುರಿದು ಉಜ್ಜುತ್ತಾರೆ. ಸೀಮೆಸುಣ್ಣ ತಂದು ಅಕ್ಷರದ ಮೇಲೆ ತಿದ್ದುತ್ತಾರೆ. ಫೋಟೊ ತೆಗೆದು ಹಾಕುತ್ತಾರೆ. ಊರಿನ ಮೇಲಿನ ಪ್ರೀತಿಯಿಂದಲೇ ಮಾಡ್ತಾರೆ, ಅದರಲ್ಲಿ ಅನುಮಾನ ಇಲ್ಲ. ಆದರೆ ದಯವಿಟ್ಟು ಇದನ್ನು ನಿಲ್ಲಿಸಿ. ಕಲ್ಲನ್ನು ಮುಟ್ಟದೆಯೇ ಅಕ್ಷರ ಓದಬಹುದು. ಬೆಳಕು ಎಲ್ಲಿಂದ, ಎಷ್ಟು ದೂರದಿಂದ ಬರಬೇಕು ಅಂತ ಗೊತ್ತಿದ್ದರೆ ಸಾಕು.

ನಮ್ಮ ಭಾಗಕ್ಕೆ ಇದು ಸಣ್ಣ ವಿಷಯ ಅಲ್ಲ. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಬೀಡನ್ ಅನ್ನೋ ಚಿನ್ನದ ಗಣಿಯ ಎಂಜಿನಿಯರ್ ಕಣ್ಣಿಗೆ ಒಂದು ಬಂಡೆ ಶಾಸನ ಬಿತ್ತು. ದೇವಾನಾಂಪ್ರಿಯ ಅಂತ ಕರೆಸಿಕೊಂಡ ರಾಜ ಅಶೋಕನೇ ಅಂತ ಶಾಸನದಲ್ಲೇ ಮೊದಲು ಸಿಕ್ಕಿದ್ದು ಅಲ್ಲಿ. ಆಮೇಲೆ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳದಲ್ಲೂ ಆ ಹೆಸರು ಸಿಕ್ಕಿತು. ನಮ್ಮ ಕೊಪ್ಪಳದಲ್ಲೇ ಗವಿಮಠ, ಪಾಲ್ಕಿಗುಂಡು ಎರಡೂ ಕಡೆ ಅಶೋಕನ ಶಾಸನಗಳಿವೆ. ಮಸ್ಕಿಯ ಕಲ್ಲಲ್ಲಿ ಇರೋದು 'ಅಸೋಕಸ', ಅಂದರೆ 'ಅಶೋಕನ' ಅಂತ. ನಾಲ್ಕೇ ಅಕ್ಷರ. ಅಷ್ಟು ಸವೆದು ಹೋಗಿದ್ದರೆ ಮಸ್ಕಿಗೆ ಇವತ್ತಿನ ಹೆಸರು ಬರುತ್ತಲೇ ಇರಲಿಲ್ಲ.

ಈಗ ಬೆಳಕಿನ ಮಾತಿಗೆ ಬರೋಣ. ಕೆತ್ತಿದ ಅಕ್ಷರಕ್ಕೆ ಬೇರೆ ಬಣ್ಣ ಇಲ್ಲ. ಅಕ್ಷರವೂ ಕಲ್ಲೇ, ಸುತ್ತಲಿರೋದೂ ಕಲ್ಲೇ. ಅದು ಕಾಣಬೇಕಾದರೆ ಗೆರೆಯೊಳಗೆ ನೆರಳು ಬೀಳಬೇಕು. ಫೋನಿನ ಫ್ಲ್ಯಾಶ್ ಲೆನ್ಸಿನ ಮಗ್ಗುಲಲ್ಲೇ ಇರುತ್ತೆ. ಬೆಳಕು ನೆಟ್ಟಗೆ ಗೆರೆಯ ತಳಕ್ಕೇ ಹೋಗುತ್ತೆ, ನೆರಳೇ ಹುಟ್ಟಲ್ಲ. ಅದಕ್ಕೇ ಫ್ಲ್ಯಾಶ್ ಹಾಕಿ ತೆಗೆದ ಶಾಸನದ ಫೋಟೊ ಸುಮ್ನೆ ಒಂದು ಬೋಳು ಕಲ್ಲಿನ ಥರ ಕಾಣೋದು. ಟಾರ್ಚನ್ನು ಪಕ್ಕಕ್ಕೆ ತಂದು, ಬೆಳಕು ಕಲ್ಲಿನ ಮೈ ಸವರಿಕೊಂಡು ಹೋಗುವ ಹಾಗೆ ಹಿಡಿಯಿರಿ. ಎರಡು ಮಿಲಿಮೀಟರ್ ಆಳದ ಗೆರೆಗೆ 45 ಡಿಗ್ರಿಯಲ್ಲಿ ಬೆಳಕು ಬಿದ್ದರೆ ನೆರಳು ಎರಡೇ ಮಿಲಿಮೀಟರ್. 10 ಡಿಗ್ರಿಗೆ ಇಳಿಸಿದರೆ ಹನ್ನೊಂದು ಮಿಲಿಮೀಟರ್ ಚಾಚುತ್ತೆ. ಅಂದರೆ ಗೆರೆ ಪೂರ್ತಿ ಕಪ್ಪಾಗುತ್ತೆ. ಕಲ್ಲು ಅದೇ, ಫೋನೂ ಅದೇ, ಬೆಳಕು ನಿಂತ ಜಾಗ ಮಾತ್ರ ಬೇರೆ.

ಕುಷ್ಟಗಿ ಕಡೆ ಒಂದು ಹಳ್ಳಿಯಲ್ಲಿ ಕತ್ತಲಾದ ಮೇಲೆ ಹೀಗೆ ಟಾರ್ಚ್ ಹಿಡಿಸಿದ್ದೆ. ಹನುಮಪ್ಪನ ಗುಡಿ ಮುಂದಿನ ಕಲ್ಲು. ಮೇಲಿನ ಸೂರ್ಯ ಚಂದ್ರ ಬಿಟ್ಟರೆ ಹಗಲಲ್ಲಿ ಏನೂ ಕಾಣ್ತಿರಲಿಲ್ಲ. ಹುಡುಗ ಟಾರ್ಚನ್ನು ಕೆಳಗೆ ಇಳಿಸ್ತಾ ಇಳಿಸ್ತಾ ಕಲ್ಲಿನ ಅಂಚಿಗೆ ತಂದ. ಸಾಲು ಸಾಲಾಗಿ ಹಳಗನ್ನಡದ ಅಕ್ಷರ ಎದ್ದು ಬಂದವು. ಕಟ್ಟೆ ಮೇಲೆ ಕೂತಿದ್ದ ಅಜ್ಜ ಎದ್ದು ಬಂದು, "ಅಲ್ರೀ, ದಿನಾ ಇದರ ಮಗ್ಗಲಾಗ ಕುಂದರ್ತೀವಿ. ಇಷ್ಟು ಅಕ್ಷರ ಅದಾವಂತ ಗೊತ್ತs ಇರಲಿಲ್ಲ ನೋಡ್ರಿ" ಅಂದರು. ಆಮೇಲೆ ಆ ಹುಡುಗನಿಗೆ, "ತಮ್ಮಾ, ಆ ಕಡಿಂದೂ ಹಿಡಿ, ನೋಡೂಣು" ಅಂದರು.

ಅಜ್ಜ ಹೇಳಿದ್ದು ಸರಿಯಾದ ಮಾತು. ಒಂದೇ ಕಡೆಯಿಂದ ಬೆಳಕು ಹಿಡಿದರೆ ಮೋಸ ಹೋಗ್ತೀವಿ. ಅಶೋಕನ ಕಾಲದ ಬ್ರಾಹ್ಮಿ ಲಿಪಿಯಲ್ಲಿ 'ಕ' ಅಂದರೆ ಕೂಡಿಸುವ ಚಿಹ್ನೆಯ ಹಾಗೆ ಒಂದು ಉದ್ದ ಗೆರೆ, ಒಂದು ಅಡ್ಡ ಗೆರೆ. ಎಡಗಡೆಯಿಂದ ಬೆಳಕು ಬಿಟ್ಟರೆ ಉದ್ದ ಗೆರೆಯಲ್ಲಿ ನೆರಳು ತುಂಬುತ್ತೆ. ಅಡ್ಡ ಗೆರೆ ಬೆಳಕಿನ ದಾರಿಯಲ್ಲೇ ಇರೋದರಿಂದ ಮಾಯ ಆಗುತ್ತೆ. ಉಳಿದ ಒಂಟಿ ಗೆರೆಯನ್ನು 'ರ' ಅಂತ ಓದಿಬಿಡಬಹುದು! ಮೇಲಿನಿಂದ ಒಂದು, ಪಕ್ಕದಿಂದ ಒಂದು, ಮೂಲೆಯಿಂದ ಒಂದು ಫೋಟೊ ಇರಲೇಬೇಕು. ಕೆಳಗಿನಿಂದ ಮಾತ್ರ ಹಿಡಿಯಬೇಡಿ. ನಮ್ಮ ಕಣ್ಣಿಗೆ ಬೆಳಕು ಮೇಲಿನಿಂದ ಬರೋದೇ ರೂಢಿ. ಕೆಳಗಿನಿಂದ ಬಂದರೆ ಕೊರೆದ ಅಕ್ಷರ ಉಬ್ಬಿದ ಹಾಗೆ ಕಾಣುತ್ತೆ.

ದೂರದ ಲೆಕ್ಕ ಇನ್ನೂ ಮುಖ್ಯ. ಬೆಳಕಿನಿಂದ ದೂರ ಎರಡರಷ್ಟಾದರೆ ಬೀಳೋ ಬೆಳಕು ಕಾಲು ಭಾಗಕ್ಕೆ ಇಳಿಯುತ್ತೆ. ಒಂದು ಮೀಟರ್ ಅಗಲದ ಕಲ್ಲು ಅಂದುಕೊಳ್ಳಿ. ಟಾರ್ಚನ್ನು ಎಡ ಅಂಚಿನಿಂದ ಕಾಲು ಮೀಟರ್ ದೂರ ಹಿಡಿದರೆ, ಬಲ ಅಂಚು ಒಂದೂಕಾಲು ಮೀಟರ್ ದೂರ. ಐದು ಪಟ್ಟು ದೂರ, ಅಂದರೆ 25ರಲ್ಲಿ ಒಂದು ಪಾಲು ಬೆಳಕು. ಎಡಗಡೆ ಸುಟ್ಟು ಬಿಳಿ, ಬಲಗಡೆ ಕಗ್ಗತ್ತಲು. ಅದೇ ಟಾರ್ಚನ್ನು ಮೂರು ಮೀಟರ್ ಹಿಂದಕ್ಕೆ ಒಯ್ದರೆ ಎರಡು ಅಂಚಿಗೂ ಎರಡು ಪಟ್ಟಿನಷ್ಟೂ ವ್ಯತ್ಯಾಸ ಇರಲ್ಲ. ದೂರ ಹೋದಷ್ಟು ಬೆಳಕು ಕಡಿಮೆ ಆಗುತ್ತಲ್ಲ ಅಂತ ಹೆದರಬೇಡಿ. ಫೋನನ್ನು ಸ್ಟ್ಯಾಂಡಿಗೆ ಕೂರಿಸಿ, ನೈಟ್ ಮೋಡ್ ಹಾಕಿ, ಟೈಮರ್ ಇಡಿ. ಟ್ಯೂಬ್‌ಲೈಟ್, ದೊಡ್ಡ ಪ್ಯಾನೆಲ್ ಲೈಟು ಬೇಡ. ಅವುಗಳ ನೆರಳಿನ ಅಂಚು ಮಸುಕು. ಸಣ್ಣ ಬಲ್ಬಿನ ಟಾರ್ಚೇ ಇಲ್ಲಿ ವಾಸಿ.

ಟಾರ್ಚಿಗಿಂತ ನನಗೆ ಇಷ್ಟ ಕನ್ನಡಿ. ಗುಡಿಯ ಒಳಗಿನ ಕಂಬದಲ್ಲೋ ಗೋಡೆಯಲ್ಲೋ ಶಾಸನ ಇದ್ದರೆ, ಹೊರಗೆ ಬಿಸಿಲಲ್ಲಿ ಒಬ್ಬರು ಕನ್ನಡಿ ಹಿಡಿದು ಬಿಸಿಲನ್ನು ಓರೆಯಾಗಿ ಒಳಗೆ ಬಿಡಬೇಕು. ಇದರಲ್ಲಿ ಒಂದು ಚೆಂದ ಇದೆ. ಬೆಳಕು ಬರೋದು ಕನ್ನಡಿಯಿಂದ ಅನ್ನಿಸಿದರೂ ಅದು ಸೂರ್ಯನದೇ, ಸುಮಾರು 15 ಕೋಟಿ ಕಿಲೋಮೀಟರ್ ದೂರದಿಂದ ಬಂದದ್ದು. ಅಷ್ಟು ದೂರದ ಮುಂದೆ ಕಲ್ಲಿನ ಒಂದು ಮೀಟರ್ ಯಾವ ಲೆಕ್ಕ? ಎಡ ಅಂಚಿಗೂ ಬಲ ಅಂಚಿಗೂ ಒಂದೇ ಸಮ ಬೆಳಕು. ಇಂಥ ಬೆಳಕನ್ನು ಯಾವ ದುಬಾರಿ ಲೈಟೂ ಕೊಡಲ್ಲ. ಜಾತ್ರೆಯಲ್ಲಿ ಸಿಗೋ ಕನ್ನಡಿ ಸಾಕು. ಅದು ಸಪಾಟಾಗಿರಬೇಕು ಅಷ್ಟೇ.

ಮಧ್ಯಾಹ್ನ ಫೋಟೊ ತೆಗೀಬಾರದು ಅನ್ನೋ ಮಾತನ್ನೂ ಕಣ್ಣು ಮುಚ್ಚಿ ನಂಬಬೇಡಿ. ನೆಲಕ್ಕೆ ಮಲಗಿದ ಬಂಡೆಗೆ ಅದು ನಿಜ. ಅದಕ್ಕೆ ಬೆಳಗಿನ ಅಥವಾ ಸಂಜೆಯ ಬಿಸಿಲೇ ಬೇಕು. ನೆಟ್ಟಗೆ ನಿಂತ ಗೋಡೆಗೆ ಹಾಗಲ್ಲ. ನಮ್ಮ ಕಡೆ ಮೇ ತಿಂಗಳ ಶುರುವಿನಿಂದ ಆಗಸ್ಟ್ ಎರಡನೇ ವಾರದವರೆಗೆ ನಡು ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಸ್ವಲ್ಪ ಉತ್ತರಕ್ಕೆ ಇರುತ್ತಾನೆ. ಆಗ ಉತ್ತರಕ್ಕೆ ಮುಖ ಮಾಡಿದ ಗೋಡೆಯನ್ನು ಬಿಸಿಲು ಮೇಲಿನಿಂದ ಸವರಿಕೊಂಡು ಇಳಿಯುತ್ತೆ. ಇಟಗಿಗೆ ಹೋದವರು ಗಮನಿಸಿ. 1112ರಲ್ಲಿ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ ಗುಡಿ ಅದು, ಶಾಸನದಲ್ಲೇ ದೇವಾಲಯ ಚಕ್ರವರ್ತಿ ಅನ್ನಿಸಿಕೊಂಡದ್ದು. ಅದರ ಉತ್ತರದ ಗೋಡೆಯ ಕುಸುರಿ ನೋಡೋಕೆ ಮೇ ತಿಂಗಳ ಆ ಸುಡುಬಿಸಿಲೇ ಸರಿಯಾದ ಹೊತ್ತು. ಟೋಪಿ, ನೀರು ಮಾತ್ರ ಮರೀಬೇಡಿ.

ಇಷ್ಟೆಲ್ಲ ಯಾಕೆ, ಸುಣ್ಣ ಹಚ್ಚಿ ಆಮೇಲೆ ತೊಳೆದರೆ ಆಯ್ತಲ್ಲ ಅಂತಾರೆ. ಆಗಲ್ಲ. ಪುಡಿ ಕಲ್ಲಿನ ಸಣ್ಣ ರಂಧ್ರಕ್ಕೆ ಇಳಿಯುತ್ತೆ. ತೊಳೆಯೋಕೆ ಉಜ್ಜಿದಾಗ ಗೆರೆಯ ಅಂಚು ಸವೆಯುತ್ತೆ. ಇಟಗಿಯಂಥ ಬಳಪದ ಕಲ್ಲಿಗಂತೂ ಇದು ದೊಡ್ಡ ಪೆಟ್ಟು. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಸುಣ್ಣದಲ್ಲಿ ತಿದ್ದುವವರು ತಮಗೆ ಕಂಡ ಅಕ್ಷರ ಬರೀತಾರೆ, ಕಲ್ಲಿನಲ್ಲಿ ಇರೋದನ್ನಲ್ಲ. ಮುಂದೆ ಫೋಟೊ ನೋಡಿದವರು ಅದನ್ನೇ ಓದುತ್ತಾರೆ. ವೀರಗಲ್ಲಿಗೆ ಆಯಿಲ್ ಪೇಂಟ್ ಬಳಿಯೋದೂ ಇದೇ ಥರದ ಹಾನಿ. ಕೇಂದ್ರದ ಸಂರಕ್ಷಿತ ಸ್ಮಾರಕವಾದರೆ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯ ಪ್ರಕಾರ ಅಪರಾಧವೂ ಹೌದು.

2001ರಲ್ಲಿ ಎಚ್‌ಪಿ ಅನ್ನೋ ಕಂಪ್ಯೂಟರ್ ಕಂಪನಿಯ ಪ್ರಯೋಗಾಲಯದ ಟಾಮ್ ಮಾಲ್ಜ್‌ಬೆಂಡರ್ ಮತ್ತು ಜೊತೆಯವರು ಈ ಓರೆ ಬೆಳಕಿನ ಉಪಾಯವನ್ನೇ ಕಂಪ್ಯೂಟರಿಗೆ ತಂದರು. ಕ್ಯಾಮೆರಾ ಅಲುಗಾಡಿಸದೆ, ಬೆಳಕನ್ನು ಮಾತ್ರ ಬೇರೆ ಬೇರೆ ದಿಕ್ಕಿಗೆ ಸರಿಸಿ ಹತ್ತಾರು ಫೋಟೊ ತೆಗೆಯೋದು. ಆಮೇಲೆ ಪರದೆಯ ಮೇಲೆ ಬೆಳಕನ್ನು ಬೇಕಾದ ಕಡೆ ತಿರುಗಿಸಿ ಓದೋದು. ಕೈಯಲ್ಲಿ ಬೆಳಕು ಹಿಡಿದು ಹೀಗೆ ಫೋಟೊ ತೆಗೆಯೋರೂ ಪ್ರತಿ ಸಲ ದೂರ ಒಂದೇ ಇರಲಿ ಅಂತ ಒಂದು ದಾರ ಹಿಡಿದು ಅಳೀತಾರೆ.

ನಿಮ್ಮೂರಲ್ಲಿ ಅಕ್ಷರದ ಕಲ್ಲು ಇದ್ದರೆ ಕತ್ತಲಾದ ಮೇಲೆ ಇಬ್ಬರು ಹೋಗಿ. ಒಬ್ಬರು ಫೋನು ನೋಡಿಕೊಳ್ಳಲಿ, ಒಬ್ಬರು ಟಾರ್ಚ್ ಹಿಡಿಯಲಿ. ಫೋಟೊದಲ್ಲಿ ಒಂದು ಸ್ಕೇಲ್ ಇರಲಿ, ಅದನ್ನು ಕಲ್ಲಿಗೆ ಅಂಟಿಸದೆ ಪಕ್ಕದಲ್ಲಿಡಿ. ಹಾಕುವಾಗ ಬೆಳಕು ಯಾವ ಕಡೆಯಿಂದ ಅಂತ ಪ್ರತಿ ಫೋಟೊದ ಕೆಳಗೆ ಬರೆಯಿರಿ. ಓದೋರಿಗೆ ಅದು ಬೇಕೇ ಬೇಕು.