ಗೆರೆ ಸಣ್ಣ ವಿಷಯ ಅಲ್ಲ

ಅಮೆರಿಕದ ಒಳಾಂಗಣ ಸಾಕರ್‌ನಲ್ಲಿ, ಅಂದರೆ ಸುತ್ತ ಗೋಡೆ ಇರುವ ರಿಂಕ್‌ನಲ್ಲಿ ಆಡುವ ಫುಟ್‌ಬಾಲ್‌ನಲ್ಲಿ, ರಿಂಕ್ ಅಳತೆ ಬೇರೆಬೇರೆ, ಹಾಗಾಗಿ ಅಂಗಳದ ಗೆರೆಗಳು ಊರಿಗೊಂದು ಥರ ಇದ್ದರೂ ಆಟಕ್ಕೇನೂ ನಷ್ಟವಿಲ್ಲ ಎಂದು ಬರೆದಿದ್ದೀರಿ. ನಾನು ಒಪ್ಪುವುದಿಲ್ಲ. ಈ ಆಟದಲ್ಲಿ ಗೆರೆಯೇ ನಿಯಮ. ಮೂರು ಗೆರೆ ಪಾಸ್ ನೋಡಿ. ಎರಡು ಕೆಂಪು ಗೆರೆ, ನಡುವಿನ ಗೆರೆ, ಈ ಮೂರನ್ನೂ ಚೆಂಡು ಯಾರಿಗೂ ತಾಗದೆ, ಗೋಡೆಗೂ ಬಡಿಯದೆ ಗಾಳಿಯಲ್ಲೇ ದಾಟಿದರೆ ತಪ್ಪು. ಗೆರೆ ನಾಲ್ಕಡಿ ಆಚೀಚೆ ಆದರೆ ಗೋಲ್‌ಕೀಪರ್ ಎಸೆಯುವ ಲೆಕ್ಕವೇ ಬದಲಾಗುತ್ತದೆ, ಅಲ್ವಾ?

ಒಮ್ಮೆ ಮಗನನ್ನು ಪಂದ್ಯಕ್ಕೆ ಕರೆದುಕೊಂಡು ಹೋಗಿದ್ದೆ. ಟರ್ಫ್ ಮೇಲೆ ಹಳೇ ಗೆರೆ ಅರ್ಧ ಅಳಿಸಿತ್ತು, ಗೇಣು ದೂರದಲ್ಲೇ ಹೊಸದು. "ಅಪ್ಪಾ, ಯಾವುದು ಲೆಕ್ಕಕ್ಕೆ?" ಅಂದ. ನನಗೂ ಗೊತ್ತಾಗಲಿಲ್ಲ.

ಅಂಕದ ಕಥೆಯೂ ಅಷ್ಟೇ. ಅಲ್ಲಿನ ಒಳಾಂಗಣ ಸಾಕರ್ ತಂಡ ಮಿಲ್ವಾಕಿ ವೇವ್ 1984ರಿಂದ ಇದೆ. ಅದು ಆಡಿದ ಹಿಂದಿನ ಲೀಗ್‌ಗಳಲ್ಲಿ ಗೋಲಿನೆದುರು ಎಳೆದ ಕಮಾನಿನಾಕಾರದ ಗೆರೆಯಾಚೆಯಿಂದ ಹೊಡೆದ ಗೋಲಿಗೆ 3 ಅಂಕ ಬರುತ್ತಿತ್ತು. 2014ರಲ್ಲಿ ಈಗಿನ ಲೀಗ್ ಎಂಎಎಸ್‌ಎಲ್‌ಗೆ (ಮೇಜರ್ ಅರೀನಾ ಸಾಕರ್ ಲೀಗ್) ಬಂದ ಮೇಲೆ ಎಲ್ಲ ಗೋಲಿಗೂ ಒಂದೇ ಅಂಕ. ಹಳೇ ಸ್ಕೋರನ್ನೂ ಈಗಿನದನ್ನೂ ಹೋಲಿಸುವುದು ಹೇಗೆ?

ರಿಂಕ್ ಅಳತೆ ಬೇರೆಬೇರೆ ಅನ್ನುವುದು ಸುಮ್ನೆ ನೆಪ. ಗೋಡೆಯಿಲ್ಲದ ಇನ್ನೊಂದು ಒಳಾಂಗಣ ಫುಟ್‌ಬಾಲ್ ಆದ ಫುಟ್ಸಾಲ್ ಅಂಗಳದ ಉದ್ದಗಲವೂ ಹೆಚ್ಚುಕಡಿಮೆ ಇರುತ್ತದೆ. ಆದರೆ ಪೆನಾಲ್ಟಿ ಗುರುತು ಎಲ್ಲಿ ಹೋದರೂ ಗೋಲಿನಿಂದ 6 ಮೀಟರ್, ಎರಡನೇ ಪೆನಾಲ್ಟಿ ಗುರುತು 10 ಮೀಟರ್.