ಗಟ್ ಅಂದ್ರೆ ಗಟ್ಟೀನಾ?

ಹೋದ ತಿಂಗಳು ಮಗಳು ಆಫೀಸಿನಿಂದ ಬರುವಾಗ ಒಂದು ಕಂದು ಗಾಜಿನ ಬಾಟಲಿ ತಂದಳು. ಕೊಂಬುಚಾ, ಅಂದ್ರೆ ಹುದುಗಿಸಿದ ಟೀ. ಶುಂಠಿ-ನಿಂಬೆ ಫ್ಲೇವರು. 150 ರೂಪಾಯಿ. ಅಮ್ಮ ಊಟದ ಟೇಬಲ್ ಮೇಲೆ ಪೇಪರ್ ಹಾಸಿಕೊಂಡು ಹುರುಳಿಕಾಯಿ ನಾರು ತೆಗೆಯುತ್ತಿದ್ದರು. ಬಾಟಲಿಯನ್ನು ಆಚೆ ಈಚೆ ತಿರುಗಿಸಿ, "ಏನೇ ಇದು?" ಅಂದರು.

"ಗಟ್‌ಗೆ ಒಳ್ಳೇದು ಅಜ್ಜಿ."

"ಗಟ್ಟಿ ಆಗಕ್ಕಾ? ನಾನು ಗಟ್ಟಿಯಾಗೇ ಇದೀನಲ್ಲೇ."

ಮಗಳು ನಗುತ್ತಾ ಲೋಟಕ್ಕೆ ಸ್ವಲ್ಪ ಬಗ್ಗಿಸಿ ಕೊಟ್ಟಳು. ಅಮ್ಮ ಒಂದು ಗುಟುಕು ಕುಡಿದು ಮುಖ ಕಿವುಚಿದರು. "ಹುಳಿ ಬಂದೋಗಿದೆ ಕಣೇ. ಕೆಟ್ಟಿರೋದನ್ನ ಕೊಟ್ಟಿದಾರೆ. ಬಿಲ್ಲು ಇದ್ಯಾ? ವಾಪಸ್ ಕೊಟ್ಟು ಬಾ."

ನಗು ಮುಗಿದ ಮೇಲೂ ಆ 'ಗಟ್' ಅನ್ನೋ ಪದ ನನ್ನ ತಲೆಯಲ್ಲೇ ಉಳಿಯಿತು. ನಮ್ಮಲ್ಲಿ ಅದಕ್ಕೆ ಕರುಳು ಅಂತ ಒಳ್ಳೆಯ ಪದ ಇದೆ. ಆದರೆ ನಾನು ನೋಡಿದ ಯಾವ ಜಾಹೀರಾತಿನಲ್ಲೂ 'ನಿಮ್ಮ ಕರುಳಿಗೆ ಒಳ್ಳೆಯದು' ಅಂತ ಬರೆದಿರಲಿಲ್ಲ. ಕರುಳು ಅಂದ ಕೂಡಲೇ ನಮಗೆ ತಾಯಿ ನೆನಪಾಗುತ್ತಾಳೆ. ಕರುಳು ಚುರುಕ್ ಅನ್ನುತ್ತೆ, ಕರುಳ ಬಳ್ಳಿ ಅನ್ನುತ್ತೇವೆ. ಅಂಥ ಜಾಗದಲ್ಲಿ, ಒಳ್ಳೇದೇ ಆಗಲಿ, ಬ್ಯಾಕ್ಟೀರಿಯಾ ಬಿಡ್ತೀವಿ ಅಂದ್ರೆ ಯಾರಿಗೆ ಹಿಡಿಸುತ್ತೆ ಹೇಳಿ. 'ಗಟ್' ಅಂದ್ರೆ ಏನೂ ನೆನಪಾಗಲ್ಲ. ಮಾರೋಕೆ ಅದೇ ಸಲೀಸು.

ಆ ಭಾನುವಾರ ಸೂಪರ್ ಮಾರ್ಕೆಟ್‌ಗೆ ಹೋದಾಗ ಕನ್ನಡಕ ಹಾಕಿಕೊಂಡು ಫ್ರಿಜ್ ಮುಂದೆ ನಿಂತೆ. ಪ್ರೊಬಯಾಟಿಕ್ (ಅಂದ್ರೆ ಕರುಳಿಗೆ ಒಳ್ಳೇದು ಮಾಡುವ ಜೀವಂತ ಬ್ಯಾಕ್ಟೀರಿಯಾ ಇರೋ) ಮೊಸರು, ಪ್ರೊಬಯಾಟಿಕ್ ಮಜ್ಜಿಗೆ, ಕೆಫಿರ್ ಅನ್ನೋ ಹುದುಗಿದ ಹಾಲು, ಕಿಮ್ಚಿ ಅನ್ನೋ ಕೊರಿಯಾದ ಹುದುಗಿದ ತರಕಾರಿ. ಪಕ್ಕದ ಸಾಲಿನಲ್ಲಿ 'ಗಟ್ ಫ್ರೆಂಡ್ಲಿ' ಬಿಸ್ಕತ್ತು, ಮಕ್ಕಳಿಗೆ ಕರಡಿ ಆಕಾರದ ಗಮ್ಮಿ. ಒಂದೊಂದೇ ತೆಗೆದು ಹಿಂದಿನ ಸಣ್ಣ ಅಕ್ಷರ ಓದಿದೆ. ಅರ್ಧ ಗಂಟೆ ಹಿಡಿಯಿತು. ಸೆಕ್ಯೂರಿಟಿಯವನು ಎರಡು ಸಲ ಬಂದು ನೋಡಿಕೊಂಡು ಹೋದ.

ಮುಂಭಾಗದಲ್ಲಿ ದೊಡ್ಡದಾಗಿ ಪ್ರೊಬಯಾಟಿಕ್ ಅಂತ ಇರುತ್ತೆ. ಹಿಂದೆ ನೋಡಿದರೆ ಕೆಲವದರಲ್ಲಿ 'ಲ್ಯಾಕ್ಟೋಬ್ಯಾಸಿಲಸ್' ಅಂತ ಇದೆ, ಅಷ್ಟೇ. ಕೆಲವದರಲ್ಲಿ 'ಲೈವ್ ಕಲ್ಚರ್' ಅಂತ ಮಾತ್ರ. ಕೆಲವೇ ಕೆಲವದರಲ್ಲಿ ಪೂರ್ತಿ ಹೆಸರಿದೆ, ಕೊನೆಯಲ್ಲಿ ಒಂದೆರಡು ಅಕ್ಷರವೋ ನಂಬರೋ ಇದೆ. ಆ ಕೊನೆಯ ಬಾಲದ ಬಗ್ಗೆಯೇ ನಾನು ಹೇಳಬೇಕು ಅಂತಿರೋದು.

ಒಂದು ಕ್ಲಾಸಿನಲ್ಲಿ ಐದು ಜನ ಮಂಜುನಾಥ ಇದ್ದಾರೆ ಅಂದುಕೊಳ್ಳಿ. ಬಿ. ಮಂಜುನಾಥ ರ‍್ಯಾಂಕ್ ಬಂದ. ಅದಕ್ಕೆ ಎಚ್. ಮಂಜುನಾಥನನ್ನು ಕರೆದು ಹಾರ ಹಾಕ್ತೀರಾ? ಬ್ಯಾಕ್ಟೀರಿಯಾದಲ್ಲೂ ಹಾಗೇ. ಲ್ಯಾಕ್ಟೋಬ್ಯಾಸಿಲಸ್ ಅನ್ನೋದು ಮನೆತನ. ಅದರ ಮುಂದಿನದು ಹೆಸರು. ಕೊನೆಯಲ್ಲಿ ಬರುವ ಅಕ್ಷರ ಇನಿಷಿಯಲ್ಲು, ಅಂದ್ರೆ ತಳಿ. ಪರೀಕ್ಷೆ ಬರೆದಿರೋದು ಆ ಇನಿಷಿಯಲ್ಲಿನವನು. 1980ರ ದಶಕದಲ್ಲಿ ಅಮೆರಿಕದ ಗೋರ್ಬಾಕ್ ಮತ್ತು ಗೋಲ್ಡಿನ್ ಅನ್ನುವವರು ಒಂದು ತಳಿ ಬೇರ್ಪಡಿಸಿದರು. ಇಬ್ಬರ ಮನೆತನದ ಮೊದಲ ಅಕ್ಷರ ಸೇರಿಸಿ ಅದಕ್ಕೆ 'ಜಿಜಿ' ಅಂತಲೇ ಹೆಸರಾಯಿತು. ಅದರ ಮೇಲೆ ನಡೆದ ಅಧ್ಯಯನಗಳು ರಾಶಿ ಇವೆ. ಆದರೆ ಅವೆಲ್ಲ ಜಿಜಿಯ ಮಾರ್ಕ್ಸ್ ಕಾರ್ಡು. ಅದನ್ನು ತೋರಿಸಿ ಇನ್ಯಾವುದನ್ನೋ ಮಾರೋದು ಮೋಸ ಅಲ್ವಾ?

ಈ ಹುಚ್ಚು ಹೊಸದೂ ಅಲ್ಲ. ನೂರು ವರ್ಷಕ್ಕೂ ಹಿಂದೆ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಮೆಚ್ನಿಕಾಫ್ ಅಂತ ಒಬ್ಬ ವಿಜ್ಞಾನಿ ಇದ್ದರು. ದೇಹದ ರೋಗನಿರೋಧಕ ಶಕ್ತಿಯ ಮೇಲೆ ಮಾಡಿದ ಕೆಲಸಕ್ಕೆ 1908ರಲ್ಲಿ ನೊಬೆಲ್ ಬಂತು, ಸಾಮಾನ್ಯ ತಲೆಯಲ್ಲ. ಅವರಿಗೆ ಒಂದು ನಂಬಿಕೆ. ದೊಡ್ಡ ಕರುಳಿನಲ್ಲಿ ಕೊಳೆಸುವ ಬ್ಯಾಕ್ಟೀರಿಯಾದಿಂದಲೇ ಮುಪ್ಪು ಬರುತ್ತೆ, ಬಲ್ಗೇರಿಯಾದ ರೈತರು ಮೊಸರು ತಿನ್ನೋದರಿಂದಲೇ ಜಾಸ್ತಿ ವರ್ಷ ಬದುಕುತ್ತಾರೆ ಅಂತ. ಅವರು ಬರೆದದ್ದೇ ತಡ, ಯುರೋಪು, ಅಮೆರಿಕದಲ್ಲೆಲ್ಲ ಹುಳಿ ಹಾಲು, ಅದರ ಮಾತ್ರೆ ಬಿಸಿ ಬಿಸಿ ಮಾರಾಟವಾದವು. ಆ ಬಲ್ಗೇರಿಯಾದ ಬ್ಯಾಕ್ಟೀರಿಯಾ ಮನುಷ್ಯನ ಕರುಳಲ್ಲಿ ಬೀಡು ಬಿಡೋದೇ ಇಲ್ಲ ಅಂತ ಆಮೇಲೆ ಗೊತ್ತಾಯಿತು. ಮೆಚ್ನಿಕಾಫ್ ದಿನಾ ಹುಳಿ ಹಾಲು ಕುಡಿಯುತ್ತಿದ್ದರು. 71ಕ್ಕೆ ಹೋದರು. ನಮ್ಮ ಅಮ್ಮನಿಗೆ ಈಗ 78.

ಜಪಾನಿನ ಮಿನೊರು ಶಿರೋಟಾ ಇದನ್ನು ಇನ್ನೊಂದು ಹೆಜ್ಜೆ ಮುಂದೆ ಒಯ್ದರು. ಹೊಟ್ಟೆಯ ಆಮ್ಲ, ಪಿತ್ತರಸ ಎರಡನ್ನೂ ದಾಟಿ ಬದುಕಿ ಹೋಗುವ ತಳಿಯನ್ನೇ ಹುಡುಕಿ ಬೆಳೆಸಿದರು. 1935ರಲ್ಲಿ ಅದು ಯಾಕುಲ್ಟ್ ಆಗಿ ಅಂಗಡಿಗೆ ಬಂತು. ಇವತ್ತು ನಮ್ಮಲ್ಲೂ ಸಿಗುವ 65 ಎಂಎಲ್ ಬಾಟಲಿಯಲ್ಲಿ 650 ಕೋಟಿ ಬ್ಯಾಕ್ಟೀರಿಯಾ ಇದೆ ಅನ್ನುತ್ತಾರೆ, ತಳಿಯ ಇನಿಷಿಯಲ್ಲಾಗಿ ಶಿರೋಟಾ ಹೆಸರೇ ಇದೆ. ಸಕ್ಕರೆ ಜಾಸ್ತಿ, ಅದು ಬೇರೆ ಮಾತು. ಆದರೆ ಇಂಥವನೇ ಒಳಗೆ ಇದಾನೆ ಅಂತ ಹೇಳುವ ಮರ್ಯಾದೆಯಾದರೂ ಇದೆ.

ಈಗ ಇನ್ನೊಂದು ಕಡೆಯವರಿಗೆ ಬರ್ತೀನಿ. ವಾಟ್ಸಾಪ್‌ನಲ್ಲಿ ದಿನಾ ಬರುತ್ತೆ ನೋಡಿ, 'ನಮ್ಮ ಅಜ್ಜಿಯ ಮೊಸರೇ ಪ್ರೊಬಯಾಟಿಕ್, ನಮ್ಮ ಇಡ್ಲಿ-ದೋಸೆಯೇ ಪ್ರೊಬಯಾಟಿಕ್, ವಿದೇಶಿಯರಿಗೆ ಈಗ ಗೊತ್ತಾಗಿದೆ' ಅಂತ. ನಾನೂ ಒಂದೆರಡು ಫಾರ್ವರ್ಡ್ ಮಾಡಿದವನೇ.

ಇಡ್ಲಿ ಹಿಟ್ಟು ಉಬ್ಬೋದು ಬ್ಯಾಕ್ಟೀರಿಯಾದಿಂದ, ನಿಜ. ಉದ್ದಿನಬೇಳೆ ನೆನೆಸಿ ರುಬ್ಬಿ ರಾತ್ರಿಯಿಡೀ ಇಟ್ಟರೆ ಲ್ಯೂಕೋನಾಸ್ಟಾಕ್ ಅನ್ನೋ ಜಾತಿ ಬೆಳೆದು ಗಾಳಿ ಬಿಡುತ್ತೆ, ಬೆಳಿಗ್ಗೆ ಪಾತ್ರೆಯ ಮುಚ್ಚಳ ಎತ್ತಿರುತ್ತೆ. ಆದರೆ ಆಮೇಲೆ ನಾವು ಅದನ್ನು ಹತ್ತು ನಿಮಿಷ ಹಬೆಯಲ್ಲಿ ಬೇಯಿಸ್ತೀವಿ. ಪಾಪ, ಅವೆಲ್ಲ ಅಲ್ಲೇ ಶಿವಾಯ ನಮಃ. ಇಡ್ಲಿ ಒಳ್ಳೆಯದು, ಹಗುರ, ಸುಲಭವಾಗಿ ಅರಗುತ್ತೆ. ಪ್ರೊಬಯಾಟಿಕ್ ಮಾತ್ರ ಅಲ್ಲ. (ಕೆಲವು ಬ್ಯಾಸಿಲಸ್ ತಳಿಗಳು ಬೀಜದ ಹಾಗೆ ಗಟ್ಟಿ ಚಿಪ್ಪು ಕಟ್ಟಿಕೊಂಡು ಬಿಸಿಯನ್ನೂ ತಡೆಯುತ್ತವೆ. ಟೀ ಪುಡಿಗೆ, ಬಿಸ್ಕತ್ತಿಗೆ ಕಂಪನಿಯವರು ಹಾಕೋದು ಅವನ್ನೇ. ಆ ಐಡಿಯಾ ಚೆನ್ನಾಗಿದೆ ಅಂತ ಒಪ್ಕೋಬೇಕು.)

ಮೊಸರಿನ ಕತೆ ಸ್ವಲ್ಪ ಸೂಕ್ಷ್ಮ. ನಮ್ಮ ಮನೆಯ ಹೆಪ್ಪು ಎಲ್ಲಿಂದ ಬಂತು ಅಂತ ಅಮ್ಮನಿಗೇ ಗೊತ್ತಿಲ್ಲ. ಬೆಂಗಳೂರಿಗೆ ಬಂದ ಹೊಸದರಲ್ಲಿ ಎದುರುಮನೆಯವರಿಂದ ಒಂದು ಲೋಟದಲ್ಲಿ ಇಸಕೊಂಡದ್ದಂತೆ. ಅದೇ ಇವತ್ತಿನವರೆಗೂ ನಡೆಯುತ್ತಿದೆ, ನಡುವೆ ಎರಡು ಮೂರು ಸಲ ಕೈಕೊಟ್ಟಾಗ ಪ್ಯಾಕೆಟ್ ಮೊಸರಿನ ಹೆಪ್ಪು ಸೇರಿದೆ. ಒಮ್ಮೆ ಊರಿಗೆ ಹೋಗಿ ಬಂದಾಗ ಹೆಪ್ಪೇ ಇಲ್ಲದೆ, ಉಗುರುಬೆಚ್ಚಗಿನ ಹಾಲಿಗೆ ಹಸಿಮೆಣಸಿನಕಾಯಿ ತೊಟ್ಟು ಹಾಕಿ ಹೆಪ್ಪು ಮಾಡಿದ್ದರು. ಡಿಸೆಂಬರಿನ ಚಳಿಯಲ್ಲಿ ಪಾತ್ರೆಯನ್ನು ಹಳೇ ಟವೆಲ್ಲಿನಲ್ಲಿ ಸುತ್ತಿ ಅಕ್ಕಿ ಡಬ್ಬದೊಳಗೆ ಕೂರಿಸ್ತಾರೆ. ಆ ಪಾತ್ರೆಯಲ್ಲಿ ಯಾರ‍್ಯಾರು ಸಂಸಾರ ಮಾಡಿಕೊಂಡಿದಾರೋ ಭಗವಂತನಿಗೇ ಗೊತ್ತು. ಮನೆತನ ಗೊತ್ತಿಲ್ಲ, ಹೆಸರು ಗೊತ್ತಿಲ್ಲ, ಇನಿಷಿಯಲ್ ಅಂತೂ ಕೇಳಲೇಬೇಡಿ.

2001ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಆಹಾರ-ಕೃಷಿ ಸಂಸ್ಥೆ ಕರೆದ ತಜ್ಞರು ಪ್ರೊಬಯಾಟಿಕ್ ಅಂದ್ರೆ ಏನು ಅಂತ ಒಂದು ಗೆರೆ ಹಾಕಿದರು. ಜೀವಂತ ಇರಬೇಕು, ಸಾಕಷ್ಟು ಪ್ರಮಾಣದಲ್ಲಿ ಇರಬೇಕು, ತಿಂದವನಿಗೆ ಅದರಿಂದ ಉಪಯೋಗ ಆಗಬೇಕು. ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್ಎಸ್ಎಸ್ಎಐ ಕೂಡ 2016ರ ನಿಯಮದಲ್ಲಿ ಒಂದು ದಿನದ ಪ್ರಮಾಣದಲ್ಲಿ ಕನಿಷ್ಠ 10 ಕೋಟಿ ಜೀವಂತ ಬ್ಯಾಕ್ಟೀರಿಯಾ ಇರಬೇಕು ಅಂದಿತು. ಈ ಗೆರೆಯಲ್ಲಿ ಅಳೆದರೆ ಮನೆ ಮೊಸರು ಪ್ರೊಬಯಾಟಿಕ್ ಅಲ್ಲ. ಬ್ಯಾಕ್ಟೀರಿಯಾ ರಾಶಿ ಇರಬಹುದು, ಆದರೆ ಯಾರು ಅಂತಾನೇ ಗೊತ್ತಿಲ್ಲದವರಿಗೆ ಸರ್ಟಿಫಿಕೇಟ್ ಹೇಗೆ ಕೊಡೋದು? ಇದನ್ನು ಅಮ್ಮನಿಗೆ ಹೇಳಿದೆ. "ಯಾರು ಸರ್ಟಿಫಿಕೇಟ್ ಕೇಳಿದ್ರು ಈಗ?" ಅಂದರು. ಅದೂ ಸರೀನೇ. ಮೊಸರಿಗೆ ಮೊಸರು ಅನ್ನೋ ಹೆಸರು ಸಾಕು. ಆ ಹೆಸರಿಗಾಗಿ 2023ರಲ್ಲಿ ನಾವೆಲ್ಲ ಜಗಳ ಆಡಿದ್ದು ನೆನಪಿದೆ ತಾನೇ, ನಂದಿನಿ ಪ್ಯಾಕೆಟ್ ಮೇಲೆ 'ದಹಿ' ಅಂತ ಹಾಕಿ ಅಂದಾಗ?

ಇನಿಷಿಯಲ್ಲಿನ ಬೆಲೆ ಏನು ಅಂತ ನೋಡಬೇಕಾದರೆ ಒಡಿಶಾಕ್ಕೆ ಹೋಗಬೇಕು. ಅಲ್ಲಿನ ಹಳ್ಳಿಗಳಲ್ಲಿ 4,556 ನವಜಾತ ಶಿಶುಗಳ ಮೇಲೆ ಒಂದು ಪ್ರಯೋಗ ನಡೆಯಿತು. ಪಿನಾಕಿ ಪಾಣಿಗ್ರಾಹಿ ಮತ್ತು ಅವರ ತಂಡದ್ದು, 2017ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂತು. ಹುಟ್ಟಿದ ಮೊದಲ ದಿನಗಳಲ್ಲಿ, ಬರೀ ಏಳು ದಿನ, ಅರ್ಧದಷ್ಟು ಮಕ್ಕಳಿಗೆ ಲ್ಯಾಕ್ಟೋಬ್ಯಾಸಿಲಸ್ ಪ್ಲಾಂಟಾರಮ್‌ನ ಒಂದು ತಳಿಯನ್ನೂ ಅದಕ್ಕೆ ಬೇಕಾದ ಒಂದಿಷ್ಟು ಸಕ್ಕರೆಯಂಥ ಆಹಾರವನ್ನೂ ಸೇರಿಸಿ ಕೊಟ್ಟರು. ಉಳಿದವರಿಗೆ ಅದೇ ಥರ ಕಾಣುವ ಬರೀ ಪುಡಿ. ಬರೀ ಪುಡಿ ಕೊಟ್ಟವರಲ್ಲಿ ನೂರಕ್ಕೆ 9 ಮಕ್ಕಳು ನಂಜಿಗೆ (ಸೆಪ್ಸಿಸ್ ಅನ್ನೋ ಮೈಗೆಲ್ಲ ಹರಡುವ ಸೋಂಕಿಗೆ) ಸಿಕ್ಕರು ಅಥವಾ ತೀರಿಕೊಂಡರು. ಆ ತಳಿ ಕೊಟ್ಟವರಲ್ಲಿ ಇದು 5.4ಕ್ಕೆ ಇಳಿಯಿತು. ಒಂದು ಮಗುವಿಗೆ ಆಗುವ ಖರ್ಚು ಒಂದು ಡಾಲರ್‌ನ ಆಸುಪಾಸು. ನಮ್ಮ ಕೊಂಬುಚಾ ಬಾಟಲಿಗಿಂತ ಕಡಿಮೆ! ಅವರು ಸಿಕ್ಕಿದ್ದನ್ನು ಕೊಟ್ಟಿರಲಿಲ್ಲ, ವರ್ಷಗಟ್ಟಲೆ ಹುಡುಕಿ ಈ ತಳಿಯನ್ನೇ ಆರಿಸಿದ್ದರು. ಇದನ್ನು ಇನ್ನೋವೇಷನ್ ಅಂತ ಕರೆಯಲು ನನ್ನ ತಕರಾರಿಲ್ಲ. ಆ ಪುಡಿಯ ಫೋಟೋ ಹಾಕಿ ಯಾವ ಇನ್‌ಸ್ಟಾಗ್ರಾಂ ತಾರೆಯೂ ರೀಲ್ಸ್ ಮಾಡಿದ್ದು ನಾನಂತೂ ನೋಡಿಲ್ಲ.

ನನ್ನ ಸ್ವಂತ ಅನುಭವ ಇಷ್ಟು ಘನವಾದದ್ದಲ್ಲ. ಎರಡು ವರ್ಷದ ಹಿಂದೆ ಹಲ್ಲಿನ ಬೇರಿಗೆ ಕೀವಾಗಿ ಐದು ದಿನ ಆಂಟಿಬಯಾಟಿಕ್ ನುಂಗಿದೆ. ಹೊಟ್ಟೆ ಕೆಟ್ಟಿತು. ಮೆಡಿಕಲ್ ಶಾಪಿನವನು ತಾನೇ ಮುಂದೆ ಬಂದು ಒಂದು ಸ್ಟ್ರಿಪ್ ಪ್ರೊಬಯಾಟಿಕ್ ಕ್ಯಾಪ್ಸೂಲ್ ಕೊಟ್ಟ. ಮನೆಗೆ ಬಂದು ಓದಿದರೆ '2ರಿಂದ 8 ಡಿಗ್ರಿಯಲ್ಲಿ ಇಡಿ' ಅಂತ ಇದೆ. ಅವನು ತೆಗೆದುಕೊಟ್ಟಿದ್ದು ಬಿಸಿಲು ಬೀಳುವ ಮುಂದಿನ ಕಪಾಟಿನಿಂದ, ಏಪ್ರಿಲ್ ತಿಂಗಳು. ವಾಪಸ್ ಹೋಗಿ ಕೇಳಿದೆ. "ಏನೂ ಆಗಲ್ಲ ಸಾರ್, ಎಲ್ಲರೂ ತಗೊಂಡೋಗ್ತಾರೆ" ಅಂದ. ಸತ್ತವರನ್ನು ಹತ್ತು ದಿನ ಶ್ರದ್ಧೆಯಿಂದ ನುಂಗಿದೆನೋ ಏನೋ. ಹೊಟ್ಟೆ ಸರಿಹೋಯಿತು. ಅವು ಬದುಕಿದ್ದಕ್ಕೆ ಸರಿಹೋಯಿತಾ, ತಾನೇ ಸರಿಹೋಗುವುದಿತ್ತಾ, ಯಾರಿಗೆ ಗೊತ್ತು?

ಮಜಾ ಏನಂದ್ರೆ, ಇದೇ ವಿಷಯದ ಮೇಲೆ 2018ರಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆಯವರು ಒಂದು ಅಧ್ಯಯನ ಮಾಡಿದರು. ಆಂಟಿಬಯಾಟಿಕ್ ಆದಮೇಲೆ ಪ್ರೊಬಯಾಟಿಕ್ ತಗೊಂಡವರ ಕರುಳಿನಲ್ಲಿ ಹಳೆಯ ಬ್ಯಾಕ್ಟೀರಿಯಾ ವಾಪಸ್ ಬರೋದು, ಏನೂ ತಗೊಳ್ಳದವರಿಗಿಂತ ತಡವಾಯಿತು. ಹೊಸ ಬಾಡಿಗೆದಾರರು ಬಂದು ಕೂತರೆ ಹಳಬರು ಮನೆಗೆ ಹೇಗೆ ಬರ್ತಾರೆ? ಸಣ್ಣ ಅಧ್ಯಯನ, ಅದೊಂದನ್ನೇ ಹಿಡಿದು ತೀರ್ಪು ಕೊಡೋಕಾಗಲ್ಲ. ಅಮೆರಿಕದ ಜೀರ್ಣಾಂಗ ತಜ್ಞರ ಸಂಘವೂ 2020ರಲ್ಲಿ ಹೆಚ್ಚಿನ ಹೊಟ್ಟೆ ಸಮಸ್ಯೆಗಳಿಗೆ ಪ್ರೊಬಯಾಟಿಕ್ ಶಿಫಾರಸು ಮಾಡುವಷ್ಟು ಆಧಾರ ಇಲ್ಲ ಅಂದಿತು. ಅವಧಿಗೆ ಮುಂಚೆ ಹುಟ್ಟಿದ ಮಕ್ಕಳು, ಆಂಟಿಬಯಾಟಿಕ್‌ನಿಂದ ಬರುವ ಒಂದು ಬಗೆಯ ಸೋಂಕು, ಹೀಗೆ ಕೆಲವು ಕಡೆ ಮಾತ್ರ, ಅದೂ ಗೊತ್ತಾದ ತಳಿಗಳನ್ನು, ಕೊಡಬಹುದು ಅಂತ. ಮತ್ತೆ ಇನಿಷಿಯಲ್ಲೇ ಬಂತು ನೋಡಿ.

ಈಗ ಅಮೆರಿಕದಲ್ಲಿ ಇನ್ನೊಂದು ಶುರುವಾಗಿದೆ, ಪ್ರೀಬಯಾಟಿಕ್ ಸೋಡಾ. ಅಂದ್ರೆ ಬ್ಯಾಕ್ಟೀರಿಯಾ ಅಲ್ಲ, ಅದಕ್ಕೆ ಹಾಕುವ ಊಟ, ನಾರು. ಪಾಪಿ ಅನ್ನೋ ಒಂದು ಬ್ರ್ಯಾಂಡನ್ನು 2025ರಲ್ಲಿ ಪೆಪ್ಸಿಕೋ 195 ಕೋಟಿ ಡಾಲರ್‌ಗೆ ಕೊಂಡಿತು. (ಹೆಸರು ಪಾಪಿ! ಅಮ್ಮನಿಗೆ ಹೇಳಿಲ್ಲ.) ಒಂದು ಕ್ಯಾನಿನಲ್ಲಿ ಇದ್ದದ್ದು 2 ಗ್ರಾಂ ನಾರು. ಇಷ್ಟರಿಂದ ಕರುಳಿಗೆ ಏನು ಉಪಯೋಗ ಅಂತ ಗ್ರಾಹಕರು ಕೋರ್ಟಿಗೆ ಹೋದರು, ಕಂಪನಿ 89 ಲಕ್ಷ ಡಾಲರ್‌ಗೆ ರಾಜಿ ಮಾಡಿಕೊಂಡಿತು.

ಎರಡು ಗ್ರಾಂ! ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಪಟ್ಟಿಯಲ್ಲಿ 100 ಗ್ರಾಂ ರಾಗಿಯಲ್ಲಿ 11 ಗ್ರಾಂ ನಾರು, ಬಿಳಿ ಅಕ್ಕಿಯಲ್ಲಿ 3 ಗ್ರಾಂಗೂ ಕಡಿಮೆ. 60 ಗ್ರಾಂ ಹಿಟ್ಟಿನ ಒಂದು ಮುದ್ದೆ ಅಂದ್ರೂ ಮೂರು ಕ್ಯಾನ್ ಸೋಡಾ ಆಯಿತು. ಜೊತೆಗೆ ಬಸ್ಸಾರಿನ ಸೊಪ್ಪು, ಕಾಳು ಸೇರಿಸಿ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನೋ ಗಾದೆ ಈ ಸೋಡಾಗೇ ಕಟ್ಟಿದ ಹಾಗಿದೆ. ದೊಡ್ಡವರಿಗೆ ದಿನಕ್ಕೆ ಸುಮಾರು 30 ಗ್ರಾಂ ನಾರು ಬೇಕು. ನನ್ನ ಒಂದು ದಿನದ ಊಟ ಲೆಕ್ಕ ಹಾಕಿದೆ. ಬೆಳಿಗ್ಗೆ ರವೆ ಇಡ್ಲಿ, ಮಧ್ಯಾಹ್ನ ಆಫೀಸ್ ಕ್ಯಾಂಟೀನಿನ ಅನ್ನ-ಸಾರು, ಸಂಜೆ ಎರಡು ಬಿಸ್ಕತ್ತು, ರಾತ್ರಿ ಮತ್ತೆ ಅನ್ನ. ಹದಿನೈದು ದಾಟಿದರೆ ಪುಣ್ಯ. ಊರಿನಲ್ಲಿ ನಮ್ಮ ಅಪ್ಪ ಎರಡು ಹೊತ್ತು ಮುದ್ದೆ ಉಂಡವರು. ನಾನು ವಾರಕ್ಕೊಂದು ಸಲ ಉಂಡು ಫೋಟೋ ಹಾಕ್ತೀನಿ.

ಇಷ್ಟು ಹೇಳಿ 'ನಾರೇ ಎಲ್ಲ' ಅಂತ ಮುಗಿಸೋಣ ಅಂದ್ರೆ ಅದಕ್ಕೂ ಒಂದು ಕೊಕ್ಕೆ ಇದೆ. 2021ರಲ್ಲಿ ಸ್ಟ್ಯಾನ್‌ಫೋರ್ಡಿನವರು 36 ಜನರನ್ನು ಎರಡು ಗುಂಪು ಮಾಡಿ ಹತ್ತು ವಾರ ನೋಡಿದರು. ಒಂದು ಗುಂಪಿಗೆ ನಾರು ಜಾಸ್ತಿ, ಇನ್ನೊಂದಕ್ಕೆ ಮೊಸರು, ಕೆಫಿರ್, ಕಿಮ್ಚಿ, ಕೊಂಬುಚಾದಂಥ ಹುದುಗಿದ ಆಹಾರ ಜಾಸ್ತಿ. ಕರುಳಿನಲ್ಲಿ ಬಗೆಬಗೆಯ ಬ್ಯಾಕ್ಟೀರಿಯಾ ಹೆಚ್ಚಾದದ್ದು, ಉರಿಯೂತದ ಗುರುತುಗಳು ಇಳಿದದ್ದು ಹುದುಗಿದ್ದು ತಿಂದವರಲ್ಲಿ. ಅಂದ್ರೆ ಮಗಳ ಬಾಟಲಿಯನ್ನು ಪೂರ್ತಿ ತೆಗೆದುಹಾಕೋಕೂ ಆಗಲ್ಲ, ಅಮ್ಮನ ಅಕ್ಕಿ ಡಬ್ಬದ ಮೊಸರನ್ನಂತೂ ಮೊದಲೇ ಆಗಲ್ಲ. ಅವರು ದಿನಕ್ಕೆ ಆರು ಸರ್ವಿಂಗ್‌ನಷ್ಟು ತಿಂದಿದ್ದರು ಅನ್ನೋದು ಬೇರೆ. ಆ ಲೆಕ್ಕದಲ್ಲಿ ಕೊಂಬುಚಾ ಕುಡಿದರೆ ಮಗಳ ಸಂಬಳ ಇಪ್ಪತ್ತನೇ ತಾರೀಕಿಗೇ ಮುಗಿಯುತ್ತೆ.

ಹಾಗಾಗಿ ನಾನು ಮಗಳಿಗೆ ಬೇಡ ಅನ್ನಲಿಲ್ಲ. ರುಚಿಗೆ ಕುಡಿ, ಔಷಧಿ ಅಂತ ಕುಡೀಬೇಡ ಅಂದೆ. ಪ್ರೊಬಯಾಟಿಕ್ ಅಂತ ಹೆಸರಿಟ್ಟಿದ್ದರೆ ಹಿಂದೆ ತಿರುಗಿಸಿ ಇನಿಷಿಯಲ್ ಹುಡುಕು. ಎಷ್ಟು ಕೋಟಿ ಅನ್ನೋದು ಕಾರ್ಖಾನೆಯಲ್ಲಿ ತುಂಬಿದ ದಿನದ ಲೆಕ್ಕವಾ, ಎಕ್ಸ್‌ಪೈರಿ ದಿನದವರೆಗಿನದಾ ಅಂತ ನೋಡು. ಅವಳು "ಅಪ್ಪಾ, ಇದು ಡ್ರಿಂಕು, ನೀನು ಆಧಾರ್ ಕಾರ್ಡ್ ಕೇಳ್ತಿದೀಯ" ಅಂದಳು.

ನಿನ್ನೆ ಬೆಳಿಗ್ಗೆ ಅಡುಗೆಮನೆ ಕಿಟಕಿಯಲ್ಲಿ ಆ ಕಂದು ಬಾಟಲಿ ಕಂಡಿತು. ಲೇಬಲ್ ನೆನೆಸಿ ಕಿತ್ತು, ತೊಳೆದು, ಒಣಗಿಸಿ ಅದರ ತುಂಬ ಹರಳೆಣ್ಣೆ ಹಾಕಿದ್ದಾರೆ. ಮಗಳು ಆಫೀಸಿಗೆ ಹೊರಟಾಗ ಅಮ್ಮ ಬಾಗಿಲವರೆಗೂ ಬಂದರು.

"ಆ ಹುಳಿ ನೀರು ಇನ್ನೆರಡು ಬಾಟ್ಲಿ ತಗೊಂಬಾರೇ. ಮುಚ್ಚಳ ಗಟ್ಟಿ ಇದೆ."